ಚುಕ್ಕಿ ಸಮ ಬರದಿದ್ದರೆ ಮಾರಿಯೋ ಕುಳ್ಳನಾಗುತ್ತಾನೆ

ಕೊಕ್ಕೆಯ ಕಡ್ಡಿಯಿಂದ ದಾರ ಹೆಣೆಯುವುದನ್ನು ಕಲಿಸುವ ಮೈಸೂರಿನ ಕ್ರೋಶಾ ತರಗತಿಗಳಲ್ಲಿ ಬಾಗಿಲ ತೋರಣ, ಟೀಪಾಯಿ ಹೊದಿಕೆ ಕಲಿಯಲು ಬರುವವರ ಜೊತೆಗೆ ಈಗ ಇನ್ನೊಂದು ಗುಂಪು ಸೇರಿಕೊಂಡಿದೆ. ಬಂದವರೇ ಮೊಬೈಲ್ ತೆಗೆದು ಹಳೆಯ ವಿಡಿಯೊ ಗೇಮಿನ ಚಿತ್ರ ತೋರಿಸುತ್ತಾರೆ. ಮಾರಿಯೋ, ಪ್ಯಾಕ್‌ಮ್ಯಾನ್, ಸ್ಪೇಸ್ ಇನ್ವೇಡರ್ಸ್‌ನ ಏಡಿ. ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಸಿಕ್ಕಿಸಿ ಟಿವಿ ಗೇಮ್ ಆಡಿದವರು ಇಂದು ಅಪ್ಪ ಅಮ್ಮಂದಿರಾಗಿದ್ದಾರೆ, ಮಕ್ಕಳ ಕೋಣೆಗೆ ದಿಂಬಿನ ಕವರ್ ಬೇಕಂತೆ. ಬಹಳ ಒಳ್ಳೆಯ ಆಸೆ. ಚೌಕ ಚೌಕವಾಗಿ ಮಾಡಿದ ಆ ಚಿತ್ರಗಳು ಸಾಲು ಸಾಲಾಗಿ ಹೆಣೆಯುವ ಕೈಗೆ ಹೇಳಿ ಮಾಡಿಸಿದಂತಿವೆ.

ಹದಿನೈದು ದಿನ ಬಿಟ್ಟು ಅವರೇ ಮುಗಿಸಿದ ಕೆಲಸ ಹಿಡಿದು ಬರುತ್ತಾರೆ. ಮಾರಿಯೋ ಯಾರೋ ತಲೆಯ ಮೇಲೆ ಕೈಯಿಟ್ಟು ಒತ್ತಿದ ಹಾಗಿರುತ್ತಾನೆ. ದುಂಡಗಿರಬೇಕಾದ ಪ್ಯಾಕ್‌ಮ್ಯಾನ್ ಇಡ್ಲಿಯಂತೆ ಚಪ್ಪಟೆ. "ಅಲ್ಲಾ ಮೇಡಂ, ಗ್ರಾಫ್ ನೋಡ್ಕೊಂಡೇ ಹಾಕಿದೀನಿ, ಒಂದು ಸ್ಟಿಚ್ಚೂ ತಪ್ಪಿಲ್ಲ. ಉಲ್ಲನ್ನೇ ಸರಿ ಇಲ್ಲ ಅನ್ಸುತ್ತೆ."

ಉಲ್ಲನ್ ಸರಿಯಾಗೇ ಇದೆ. ಎಣಿಕೆಯೂ ಸರಿಯಾಗಿದೆ. ಚಿತ್ರವನ್ನು ಮನೆಗೊಂದು ಬಣ್ಣದಂತೆ ಬಿಡಿಸಿದ ಗ್ರಾಫಿನ ಒಂದೊಂದು ಮನೆಯೂ ಸರಿಯಾದ ಚೌಕ, ಸ್ಟಿಚ್ ಚೌಕವಾಗಿಲ್ಲ. ಇಷ್ಟೇ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಮತ್ತೊಬ್ಬರು ಕುಳ್ಳ ಮಾರಿಯೋನನ್ನು ತಂದು ಮೇಜಿನ ಮೇಲಿಡುತ್ತಾರೆ. ಹಾಗಾಗಿ ಕಡ್ಡಿ ಹಿಡಿಯುವುದು ಹೇಗೆ, ಚೈನ್ ಹಾಕುವುದು ಹೇಗೆ ಎಂಬುದನ್ನೆಲ್ಲ ಬಿಟ್ಟು ಈ ಒಂದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಚುಕ್ಕಿ ರಂಗೋಲಿ ಇಟ್ಟವರಿಗೆ ಇದು ತಟ್ಟನೆ ಹೊಳೆಯಬೇಕು. ಸಂಕ್ರಾಂತಿಗೆ ಹದಿನೈದು ಚುಕ್ಕಿಯ ತಾವರೆ ಇಡುವಾಗ ಅಡ್ಡಕ್ಕೆ ಎರಡು ಬೆರಳು ಅಂತರ, ಉದ್ದಕ್ಕೆ ಒಂದೂವರೆ ಬೆರಳು ಅಂತರ ಬಿಟ್ಟರೆ ಏನಾಗುತ್ತದೆ? ಚುಕ್ಕಿ ಎಣಿಕೆ ಸರಿ, ಎಳೆ ಸರಿ, ತಾವರೆ ಮಾತ್ರ ಅಗಲಕ್ಕೆ ಎಳೆದಂತೆ ಮಲಗಿಬಿಡುತ್ತದೆ. ಸಿಂಗಲ್ ಕ್ರೋಶಾ, ಅಂದರೆ ಕಡ್ಡಿಗೆ ಮೊದಲೇ ದಾರ ಸುತ್ತದೆ ಹಾಕುವ ಗಿಡ್ಡ ಸ್ಟಿಚ್, ಮಾಡುವುದೂ ಅದನ್ನೇ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ಯಾರ ಕೈಯಲ್ಲಿ ಎಷ್ಟು ಹೆಚ್ಚು ಎಂಬುದು ಬೇರೆ ಬೇರೆ, ಅದಕ್ಕೇ ಪುಸ್ತಕದ ಲೆಕ್ಕವನ್ನೋ ಪಕ್ಕದವರ ಲೆಕ್ಕವನ್ನೋ ನಂಬುವ ಹಾಗಿಲ್ಲ.

ನಿಮ್ಮ ಲೆಕ್ಕ ನೀವೇ ತೆಗೆಯಬೇಕು. 4 ಮಿ.ಮೀ. ಕಡ್ಡಿ, ಮಧ್ಯಮ ದಪ್ಪದ ಅಕ್ರಿಲಿಕ್ ಉಲ್ಲನ್ ತೆಗೆದುಕೊಳ್ಳಿ. 25 ಚೈನ್, ಅಂದರೆ ಶುರುವಿನ ಸರಪಳಿ ಕುಣಿಕೆ, ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಶುರು ಮಾಡಿದರೆ 24 ಸಿಂಗಲ್ ಕ್ರೋಶಾ ಬರುತ್ತದೆ. ಹೀಗೆ 30 ಸಾಲು ಹಾಕಿ. ಸುಮಾರು 15 ಸೆಂ.ಮೀ. ತುಣುಕಾಗುತ್ತದೆ. ಒದ್ದೆ ಮಾಡಿ, ಟವೆಲಿನಲ್ಲಿ ಹಿಂಡಿ, ರಾತ್ರಿಯಿಡೀ ಚಪ್ಪಟೆಯಾಗಿ ಒಣಗಲು ಬಿಡಿ. ಬೆಳಗ್ಗೆ ನಡುವಿನ 10 ಸೆಂ.ಮೀ.ಗೆ ಸ್ಕೇಲು ಇಟ್ಟು ಅಡ್ಡಕ್ಕೆ ಎಷ್ಟು ಸ್ಟಿಚ್, ಉದ್ದಕ್ಕೆ ಎಷ್ಟು ಸಾಲು ಎಣಿಸಿ. ಅಂಚಿನಿಂದ ಅಂಚಿಗೆ ಅಳೆಯಬೇಡಿ, ಅಂಚು ಯಾವಾಗಲೂ ಸ್ವಲ್ಪ ಸಡಿಲ ಅಥವಾ ಸ್ವಲ್ಪ ಬಿಗಿ. ಮೂರು ಜಾಗದಲ್ಲಿ ಎಣಿಸಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ಸ್ಯಾಂಪಲ್ ತುಣುಕು ಹಾಕಿ ಎಂದರೆ ಸಾಕು, ಮುಖ ಸಪ್ಪಗಾಗುತ್ತದೆ. ಉಲ್ಲನ್ ದಂಡ, ಹೊತ್ತು ದಂಡ ಅನ್ನುತ್ತಾರೆ. ಐದು ಸಾವಿರ ಸ್ಟಿಚ್ ಹಾಕಿದ ಮೇಲೆ ಬಿಚ್ಚುವುದಕ್ಕಿಂತ ಏಳುನೂರ ಇಪ್ಪತ್ತು ಸ್ಟಿಚ್ಚಿನ ತುಣುಕು ದೊಡ್ಡದೇನೂ ಅಲ್ಲ, ದಯವಿಟ್ಟು ಹಾಕಿ.

ನಿಮ್ಮ ತುಣುಕಿನಲ್ಲಿ 10 ಸೆಂ.ಮೀ.ಗೆ 16 ಸ್ಟಿಚ್, 20 ಸಾಲು ಬಂತು ಅನ್ನಿ. ಅಂದರೆ ಒಂದು ಸ್ಟಿಚ್ಚಿನ ಅಗಲ 6.25 ಮಿ.ಮೀ., ಎತ್ತರ 5 ಮಿ.ಮೀ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಪುಟ್ಟ ಮಾರಿಯೋ 12 ಚೌಕ ಅಗಲ, 16 ಚೌಕ ಎತ್ತರ. ಚೌಕಕ್ಕೊಂದು ಸ್ಟಿಚ್ ಹಾಕಿದರೆ ಅಗಲ 75 ಮಿ.ಮೀ., ಎತ್ತರ 80 ಮಿ.ಮೀ. ಆಗುತ್ತದೆ. ಆ ಅಗಲಕ್ಕೆ ಎತ್ತರ 100 ಮಿ.ಮೀ. ಇರಬೇಕಿತ್ತು. ಎರಡು ಸೆಂಟಿಮೀಟರ್ ಎಲ್ಲಿ ಹೋಯಿತು ಎಂದು ಉಲ್ಲನ್ ಅಂಗಡಿಯವರನ್ನು ಕೇಳಿ ಪ್ರಯೋಜನವಿಲ್ಲ.

ಇಂಥ ಪುಟ್ಟ ಚಿತ್ರದಲ್ಲಿ ಒಂದೊಂದು ಚೌಕಕ್ಕೂ ಕೆಲಸವಿದೆ. ಆ ಆಟ ಓಡುತ್ತಿದ್ದ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಯಂತ್ರದಲ್ಲಿ ಇಂಥದೊಂದು ಗೊಂಬೆಗೆ ಸಿಗುತ್ತಿದ್ದದ್ದು ಮೂರು ಬಣ್ಣ, ಮಿಕ್ಕಿದ್ದು ಪಾರದರ್ಶಕ. ಮಾರಿಯೋ ಮೊದಲು ಕಾಣಿಸಿಕೊಂಡ 1981ರ ಡಾಂಕಿ ಕಾಂಗ್ ಆಟದಲ್ಲೇ, ಇಂಥದೇ ಇಕ್ಕಟ್ಟಿನಲ್ಲಿ, ಮೂಗು ಯಾವುದು ಬಾಯಿ ಯಾವುದು ಗೊತ್ತಾಗಲೆಂದು ಮೀಸೆ ಇಟ್ಟರು, ಕೂದಲು ಬಿಡಿಸುವ ತೊಂದರೆ ತಪ್ಪಲೆಂದು ಟೋಪಿ ಹಾಕಿದರು. ಹಾಗೆ ಅಳೆದು ತೂಗಿ ಇಟ್ಟ ಚೌಕಗಳನ್ನು ನಾವು ಒತ್ತಿಬಿಟ್ಟರೆ ಮುಖವೇ ಹೋಗುತ್ತದೆ.

ಪರಿಹಾರ ಏನು? ಸಾಲುಗಳನ್ನು ಸ್ಟಿಚ್ಚಿನಿಂದ ಭಾಗಿಸಿ. 20 ಭಾಗಿಸು 16, ಅಂದರೆ 1.25. ಒಂದು ಚೌಕಕ್ಕೆ ಅಡ್ಡಲಾಗಿ ಎಷ್ಟು ಸ್ಟಿಚ್ ಕೊಡುತ್ತೀರೋ ಅದನ್ನು 1.25ರಿಂದ ಗುಣಿಸಿದರೆ ಎಷ್ಟು ಸಾಲು ಬೇಕೆಂದು ಸಿಗುತ್ತದೆ. ಎರಡು ಸ್ಟಿಚ್ ಕೊಟ್ಟರೆ ಎರಡೂವರೆ ಸಾಲು, ಆಗುವುದಿಲ್ಲ. ನಾಲ್ಕು ಕೊಟ್ಟರೆ ಐದು ಸಾಲು, ಸರಿಯಾಗಿ ಕೂರುತ್ತದೆ. ಆಗ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚೌಕ, ಎರಡೂವರೆ ಸೆಂ.ಮೀ.ನ ಶುದ್ಧ ಚೌಕ. 16 ಚೌಕದ ಚಿತ್ರಕ್ಕೆ 64 ಸ್ಟಿಚ್, 80 ಸಾಲು, ಒಟ್ಟು 40 ಸೆಂ.ಮೀ. ಹದಿನಾರು ಇಂಚಿನ ದಿಂಬಿಗೆ ಹೊಂದುವ ಅಳತೆ. ನಿಮಗೆ 15 ಸ್ಟಿಚ್ 18 ಸಾಲು ಬಂದಿದ್ದರೆ 5 ಸ್ಟಿಚ್ಚಿಗೆ 6 ಸಾಲು. 18ಕ್ಕೆ 22 ಬಂದಿದ್ದರೆ 4ಕ್ಕೆ 5 ಹಾಕಬಹುದು, ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಚೌಕಕ್ಕೊಂದೇ ಸ್ಟಿಚ್ ಇಟ್ಟುಕೊಂಡು ನಾಲ್ಕು ಸಾಲಿಗೊಂದು ಸಾಲನ್ನು ಎರಡು ಸಲ ಹಾಕುವ ಉಪಾಯವೂ ಇದೆ. ನೂರು ಸಾಲಿನ ದೊಡ್ಡ ಚಿತ್ರಕ್ಕೆ ಪರವಾಗಿಲ್ಲ. ಹದಿನಾರು ಸಾಲಿನ ಮಾರಿಯೋಗೆ ಬೇಡ. ಎರಡು ಸಲ ಬಂದ ಸಾಲು ಕಣ್ಣಿನದಾದರೆ ಕಣ್ಣು ಉದ್ದವಾಗುತ್ತದೆ, ಅಂಗಿಯದಾದರೆ ಮುಖ ಕುಳ್ಳಾಗಿಯೇ ಉಳಿಯುತ್ತದೆ.

ಇದಕ್ಕೊಂದು ಅಪವಾದ ಹೇಳಿಬಿಡಬೇಕು, ಇಲ್ಲದಿದ್ದರೆ ತಿಳಿದವರು ಕೇಳುತ್ತಾರೆ. 1983ರ ಫ್ಯಾಮಿಕಾಮ್ ಯಂತ್ರದ ಚಿತ್ರ ಜಪಾನ್, ಅಮೆರಿಕದ ಟಿವಿ ಪರದೆಯ ಮೇಲೆ ಬಂದಾಗ ಒಂದೊಂದು ಪಿಕ್ಸೆಲ್ಲೂ ಸ್ವಲ್ಪ ಅಗಲವಾಗಿಯೇ ಇತ್ತು, 8ಕ್ಕೆ 7ರ ಪ್ರಮಾಣದಲ್ಲಿ. ನಿಮ್ಮ ತುಣುಕಿನಲ್ಲಿ 14 ಸ್ಟಿಚ್, 16 ಸಾಲು ಬಂದರೆ ಪ್ರಮಾಣ ಸರಿಯಾಗಿ ಅದೇ. ಅಂಥವರು ಮಾರಿಯೋನನ್ನು ಚೌಕಕ್ಕೊಂದು ಸ್ಟಿಚ್ ಹಾಕಿದರೂ ಹಳೆಯ ಟಿವಿಯಲ್ಲಿ ಕಂಡ ಹಾಗೇ ಕಾಣುತ್ತಾನೆ. ಆದರೆ ಅದೂ ಅಳೆದ ಮೇಲೆ ಗೊತ್ತಾಗುವ ಮಾತು.

ಕೆಲವೊಮ್ಮೆ ಇದರ ಉಲ್ಟಾ ಆಗುತ್ತದೆ, ಮಾರಿಯೋ ತೆಂಗಿನ ಮರದಂತೆ ಉದ್ದವಾಗುತ್ತಾನೆ. ಅಲ್ಲಿ ತಪ್ಪು ಹೆಸರಿನದು. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನೇ ಬ್ರಿಟಿಷ್ ಪುಸ್ತಕಗಳು ಡಬಲ್ ಕ್ರೋಶಾ ಅನ್ನುತ್ತವೆ. ಬ್ರಿಟಿಷ್ ಪುಸ್ತಕದ ಡಬಲ್ ನೋಡಿ ಅಮೆರಿಕದ ಡಬಲ್ ಹಾಕಿದರೆ ಸಾಲಿನ ಎತ್ತರ ಎರಡು ಪಟ್ಟಾಗುತ್ತದೆ. ಕಡ್ಡಿಗೆ ಮೊದಲೇ ದಾರ ಸುತ್ತದೆ ಹಾಕುವ ಗಿಡ್ಡ ಸ್ಟಿಚ್ಚನ್ನೇ ಇಲ್ಲಿ ಸಿಂಗಲ್ ಎಂದಿದ್ದೇನೆ.

ಮೊದಲ ಕೆಲಸಕ್ಕೆ ಮಾರಿಯೋ ಬೇಡ, ಏಡಿ ಹಾಕಿ. 1978ರಲ್ಲಿ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ಮಾಡಿದ ಸ್ಪೇಸ್ ಇನ್ವೇಡರ್ಸ್‌ನ ನಡುವಿನ ಸಾಲಿನ ಏಡಿ, 11 ಚೌಕ ಅಗಲ, 8 ಚೌಕ ಎತ್ತರ, ಕಪ್ಪು ಬಿಳಿ ಎರಡೇ ಬಣ್ಣ. ಎಡಬಲ ಒಂದೇ ಆಗಿರುವುದರಿಂದ ಗ್ರಾಫ್ ಓದುವ ದಿಕ್ಕು ತಪ್ಪಿದರೂ ಕೆಡುವುದಿಲ್ಲ. ಗ್ರಾಫಿನ ಚೌಕಗಳ ಸಾಲು ಕೆಳಗಿನಿಂದ ಮೇಲಕ್ಕೆ ಹೀಗೆ. ಮೊದಲ ಸಾಲು 3 ಕಪ್ಪು, 2 ಬಿಳಿ, 1 ಕಪ್ಪು, 2 ಬಿಳಿ, 3 ಕಪ್ಪು. ಎರಡನೆಯದು 1 ಬಿಳಿ, 1 ಕಪ್ಪು, 1 ಬಿಳಿ, 5 ಕಪ್ಪು, 1 ಬಿಳಿ, 1 ಕಪ್ಪು, 1 ಬಿಳಿ. ಮೂರನೆಯದು 1 ಬಿಳಿ, 1 ಕಪ್ಪು, 7 ಬಿಳಿ, 1 ಕಪ್ಪು, 1 ಬಿಳಿ. ನಾಲ್ಕನೆಯದು 11ಕ್ಕೆ 11 ಬಿಳಿ. ಐದರಲ್ಲಿ ಕಣ್ಣು ಬರುತ್ತದೆ: 1 ಕಪ್ಪು, 2 ಬಿಳಿ, 1 ಕಪ್ಪು, 3 ಬಿಳಿ, 1 ಕಪ್ಪು, 2 ಬಿಳಿ, 1 ಕಪ್ಪು. ಆರು, 2 ಕಪ್ಪು, 7 ಬಿಳಿ, 2 ಕಪ್ಪು. ಏಳು, 3 ಕಪ್ಪು, 1 ಬಿಳಿ, 3 ಕಪ್ಪು, 1 ಬಿಳಿ, 3 ಕಪ್ಪು. ಎಂಟು, 2 ಕಪ್ಪು, 1 ಬಿಳಿ, 5 ಕಪ್ಪು, 1 ಬಿಳಿ, 2 ಕಪ್ಪು.

ಸುತ್ತಲೂ ಒಂದು ಚೌಕ ಕಪ್ಪು ಅಂಚು ಬಿಟ್ಟರೆ 13ಕ್ಕೆ 10 ಚೌಕ. ನಾಲ್ಕಕ್ಕೆ ಐದರ ಲೆಕ್ಕದಲ್ಲಿ 52 ಸ್ಟಿಚ್, 50 ಸಾಲು, ಅಳತೆ 32.5ಕ್ಕೆ 25 ಸೆಂ.ಮೀ. 53 ಚೈನಿನಿಂದ ಶುರು ಮಾಡಿ, ಮೊದಲ ಐದು ಸಾಲು ಬರೀ ಕಪ್ಪು.

ಉಲ್ಲನ್ ಎಷ್ಟು ಬೇಕು ಎಂಬುದಕ್ಕೂ ಆ ಸ್ಯಾಂಪಲ್ ತುಣುಕೇ ಉತ್ತರ ಕೊಡುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಅದರ ಅಳತೆಯಿಂದ 10 ಸೆಂ.ಮೀ. ಚೌಕದ ತೂಕ ತೆಗೆಯಿರಿ. 7 ಗ್ರಾಂ ಬಂದರೆ ಏಡಿಗೆ 57 ಗ್ರಾಂ. 130 ಚೌಕದಲ್ಲಿ 46 ಬಿಳಿ, ಅಂದರೆ ಬಿಳಿ 20 ಗ್ರಾಂ, ಕಪ್ಪು 37 ಗ್ರಾಂ. ಉಳಿಯುವ ದಾರದ ತುದಿಗಳಿಗೆಂದು ಕಾಲು ಭಾಗ ಜಾಸ್ತಿ ಇಟ್ಟುಕೊಂಡರೂ 50 ಗ್ರಾಮಿನ ಒಂದೊಂದು ಉಂಡೆ ಸಾಕು. ದೊಡ್ಡ ಕೆಲಸವಾದರೆ ಲೇಬಲ್ಲಿನ ಲಾಟ್ ನಂಬರ್ ಒಂದೇ ಇರುವ ಉಂಡೆಗಳನ್ನು ಒಟ್ಟಿಗೇ ಕೊಳ್ಳಿ. ಆಮೇಲೆ ಹೋಗಿ ತಂದ ಕಪ್ಪು ಅದೇ ಕಪ್ಪಾಗಿರುತ್ತದೆ ಎಂಬ ಭರವಸೆ ಇಲ್ಲ. ಕಾಟನ್ ದಾರ ಹಾಕುವವರು ಕೆಂಪು, ಕಪ್ಪು ದಾರವನ್ನು ಬಣ್ಣ ಬಿಡುತ್ತದೆಯೇ ಎಂದು ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ.

ಬಣ್ಣ ಬದಲಿಸುವುದು ಹೊಸ ಸ್ಟಿಚ್ಚಿನ ಶುರುವಿನಲ್ಲಲ್ಲ, ಹಿಂದಿನ ಸ್ಟಿಚ್ ಮುಗಿಯುವ ಮುನ್ನ. ಕೊನೆಯ ಕಪ್ಪು ಸ್ಟಿಚ್ಚಿನಲ್ಲಿ ಕಡ್ಡಿಯ ಮೇಲೆ ಎರಡು ಕುಣಿಕೆ ಇರುವಾಗ ಕಪ್ಪು ಬಿಟ್ಟು ಬಿಳಿ ಹಿಡಿದು ಎಳೆಯಿರಿ. ಇಲ್ಲದಿದ್ದರೆ ಬಿಳಿ ಚೌಕದ ನೆತ್ತಿಯ ಮೇಲೆ ಕಪ್ಪು ಚುಕ್ಕೆ ಕೂರುತ್ತದೆ. ಬಿಟ್ಟ ದಾರ ಯಾವಾಗಲೂ ಕೆಲಸದ ಹಿಂಬದಿಗೆ ಹೋಗಬೇಕು. ಹಿಂದಿನಿಂದ ಹೆಣೆಯುವ ಸಾಲಿನಲ್ಲಿ ಹಿಂಬದಿ ಎಂದರೆ ನಿಮ್ಮ ಕಡೆ. ಇಲ್ಲಿ ಬಹಳ ಜನ ಎಡವುತ್ತಾರೆ.

ಬೇಡದ ದಾರವನ್ನು ಸ್ಟಿಚ್ಚಿನೊಳಗೆ ಸೇರಿಸಿಕೊಂಡು ಹೋಗುವುದು ನಾಲ್ಕೈದು ಸ್ಟಿಚ್ಚಿಗೆ ಸರಿ. ಏಡಿಯ ಎರಡನೆಯ ಸಾಲಿನಲ್ಲಿ ನಡುವೆ ಐದು ಕಪ್ಪು ಎಂದರೆ ನಿಮ್ಮ ಕೈಯಲ್ಲಿ ಇಪ್ಪತ್ತು ಸ್ಟಿಚ್. ಅಷ್ಟುದ್ದ ಬಿಳಿ ದಾರ ಒಳಗೆ ಓಡಿದರೆ ಕಪ್ಪಿನ ನಡುವೆ ಇಣುಕುತ್ತದೆ. ಅಂಥ ಕಡೆ ಪ್ರತಿ ಬಣ್ಣದ ತುಂಡಿಗೂ ಬೇರೆ ಪುಟ್ಟ ಸುತ್ತು ಇರಲಿ. ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ನಾಲ್ಕೈದು ಮೀಟರ್ ಸುತ್ತಿ ತೂಗಬಿಟ್ಟರೆ ಗಂಟಾಗುವುದಿಲ್ಲ. ದಾರ ಒಳಗೆ ಸೇರಿಸಿಕೊಂಡೇ ಹೋಗುವುದಾದರೆ ಸ್ಯಾಂಪಲ್ ತುಣುಕನ್ನೂ ಹಾಗೇ ಹಾಕಿ. ಒಳಗಿನ ದಾರದಿಂದ ಸ್ಟಿಚ್ ದಪ್ಪವಾಗಿ ಅಳತೆ ಬದಲಾಗಬಹುದು.

ಏಡಿ ಚೆನ್ನಾಗಿ ಬಂತೆಂದು ಮಾರಿಯೋಗೆ ಕೈ ಹಾಕಿದಾಗ ದಿಕ್ಕಿನ ತೊಂದರೆ ಶುರು. ಮುಂಬದಿ ಸಾಲನ್ನು ಗ್ರಾಫಿನ ಬಲದಿಂದ ಎಡಕ್ಕೆ, ಹಿಂಬದಿ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು. ಎಡಗೈಯವರಿಗೆ ಇದು ತಿರುವುಮುರುವು. ಒಂದು ಪಿಕ್ಸೆಲ್ಲಿಗೆ ಐದು ಸಾಲು, ಅಂದರೆ ಬೆಸ ಸಂಖ್ಯೆ, ಹಾಗಾಗಿ ಒಂದು ಚೌಕದ ಸಾಲು ಮುಂಬದಿಯಿಂದ ಶುರುವಾದರೆ ಮೇಲಿನದು ಹಿಂಬದಿಯಿಂದ ಶುರುವಾಗುತ್ತದೆ. ಮರೆತರೆ ಮಾರಿಯೋನ ಮೂಗು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಗ್ರಾಫಿನ ಅಂಚಿನಲ್ಲಿ ಪ್ರತಿ ಐದು ಸಾಲಿಗೂ ಬಾಣದ ಗುರುತು ಹಾಕಿಕೊಳ್ಳಿ.

ಮಂಡ್ಯದಿಂದ ರೈಲಿನಲ್ಲಿ ಓಡಾಡುವವರು ಸೀಟು ಸಿಕ್ಕರೆ ದಾರಿಯಲ್ಲೇ ನಾಲ್ಕು ಸಾಲು ಹಾಕಿಬಿಡುತ್ತಾರೆ. ಅವರ ಆಸಕ್ತಿ ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ಅಲುಗಾಡುವ ರೈಲಿನಲ್ಲಿ ಕೈ ಬಿಗಿಯಾಗುತ್ತದೆ, ರಾತ್ರಿ ಟಿವಿ ಮುಂದೆ ಸಡಿಲವಾಗುತ್ತದೆ. ಒಂದೇ ಕೆಲಸದಲ್ಲಿ ಎರಡೂ ಸೇರಿದರೆ ಚೌಕಗಳು ಒಂದು ದೊಡ್ಡದು, ಒಂದು ಚಿಕ್ಕದು. ಹತ್ತು ಸಾಲಿಗೊಮ್ಮೆ ಸ್ಕೇಲು ಇಡಿ: ನಾಲ್ಕಕ್ಕೆ ಐದರ ಲೆಕ್ಕದಲ್ಲಿ ಹತ್ತು ಸಾಲು 5 ಸೆಂ.ಮೀ. ಇರಬೇಕು. 4.7 ಬಂದರೆ ಕೈ ಸಡಿಲಿಸಿ, ಇಲ್ಲವೇ ಆ ಸಾಲುಗಳನ್ನು ಬಿಚ್ಚಿ.

ಲೆಕ್ಕವೇ ಬೇಡ ಅನ್ನುವವರಿಗೆ ಮೂಲೆಯಿಂದ ಮೂಲೆಗೆ ಹೆಣೆಯುವ ವಿಧಾನವಿದೆ. ಮೂರು ಚೈನು, ಮೂರು ಡಬಲ್ ಕ್ರೋಶಾ ಸೇರಿ ಒಂದು ತುಂಡು, ಅದು ಹೆಚ್ಚುಕಡಿಮೆ ತಾನಾಗಿಯೇ ಚೌಕ. ಇಲ್ಲಿ ಡಬಲ್ ಅಂದರೆ ಅಮೆರಿಕದ ಡಬಲ್. 16ಕ್ಕೆ 16ರ ಚಿತ್ರಕ್ಕೆ 256 ತುಂಡು, 31 ಓರೆ ಸಾಲು. ಗ್ರಾಫನ್ನೂ ಓರೆಯಾಗಿ ಓದಬೇಕು. ಹೊದಿಕೆಗೆ ಇದು ಚೆನ್ನ, ದಿಂಬಿಗೆ ಸಂದುಗಳಲ್ಲಿ ಒಳಗಿನ ಬಟ್ಟೆ ಕಾಣುತ್ತದೆ. ನಡುವಿನಿಂದ ಸುತ್ತು ಸುತ್ತಾಗಿ ಹೆಣೆಯುವ ಬಿಡಿ ಬಿಡಿ ಗ್ರಾನಿ ಚೌಕ ಹೊಲಿದು ಮಾಡುತ್ತೇನೆ ಅನ್ನುವವರು, 256 ಚೌಕಕ್ಕೆ 512 ದಾರದ ತುದಿ ಮುಚ್ಚಬೇಕು ಎಂಬುದನ್ನು ತಿಳಿದು ಕೈ ಹಾಕಿ.

ಮುಗಿದ ಮೇಲೆ ಸುಕ್ಕು ಕಂಡರೆ ಅಕ್ರಿಲಿಕ್ಕಿಗೆ ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ. ಒಮ್ಮೆ ಕರಗಿ ಚಪ್ಪಟೆಯಾದ ಸ್ಟಿಚ್ ಮತ್ತೆ ಏಳುವುದಿಲ್ಲ. ಚಾಪೆಯ ಮೇಲೆ ಟವೆಲ್ ಹಾಸಿ, ಕೆಲಸವನ್ನು 32.5ಕ್ಕೆ 25 ಸೆಂ.ಮೀ.ಗೆ ಸರಿಯಾಗಿ ಎಳೆದು ತುಕ್ಕು ಹಿಡಿಯದ ಗುಂಡುಪಿನ್ ಚುಚ್ಚಿ, ನೀರು ಸಿಂಪಡಿಸಿ ನೆರಳಲ್ಲಿ ಒಣಗಲು ಬಿಡಿ.