ಬ್ರೇಕ್ ಪೆಡಲ್ ತಾನಾಗಿ ಇಳಿಯುತ್ತಿದ್ದರೆ ಕಿಟ್ ಸಾಕೇ, ಸಿಲಿಂಡರನ್ನೇ ಬದಲಿಸಬೇಕೇ?

ಪ್ರಶ್ನೆ: ನಮ್ಮ ಕಾರಿಗೆ ಹತ್ತು ವರ್ಷವಾಗಿದೆ. ಸಿಗ್ನಲ್‌ನಲ್ಲಿ ಬ್ರೇಕ್ ತುಳಿದು ನಿಂತರೆ ಪೆಡಲ್ ಸ್ವಲ್ಪಸ್ವಲ್ಪವಾಗಿ ಕೆಳಗಿಳಿಯುತ್ತದೆ. ಕಾಲು ತೆಗೆದು ಮತ್ತೆ ತುಳಿದರೆ ಮೇಲೆಯೇ ಸಿಗುತ್ತದೆ. ಬ್ರೇಕ್ ಆಯಿಲ್ ಕಡಿಮೆಯಾಗಿಲ್ಲ. ಒಬ್ಬ ಮೆಕ್ಯಾನಿಕ್ ಕಿಟ್ (ಒಳಗಿನ ರಬ್ಬರ್ ಭಾಗಗಳ ಸೆಟ್) ಹಾಕಿದರೆ ಸಾಕೆಂದರು, ಇನ್ನೊಬ್ಬರು ಮಾಸ್ಟರ್ ಸಿಲಿಂಡರನ್ನೇ ಬದಲಿಸಲು ಹೇಳಿದರು. ಈಚೆಗೆ ರಿವರ್ಸ್ ಗೇರ್ ಕೂಡ ಕಿರುಗುಟ್ಟುತ್ತಿದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ದಯವಿಟ್ಟು ರಿಪೇರಿಯಾಗುವವರೆಗೆ ಆ ಕಾರನ್ನು ರಸ್ತೆಗೆ ತೆಗೆಯಬೇಡಿ. ನೀವು ಹೇಳಿದ ಲಕ್ಷಣಗಳು ಮಾಸ್ಟರ್ ಸಿಲಿಂಡರಿನ ಒಳಸೋರಿಕೆಯನ್ನೇ ಸೂಚಿಸುತ್ತವೆ. ಪೆಡಲ್ ತುಳಿದಾಗ ಸಿಲಿಂಡರಿನೊಳಗಿನ ಪಿಸ್ಟನ್ ಮುಂದೆ ಸರಿದು, ಅದಕ್ಕೆ ತೊಡಿಸಿದ ರಬ್ಬರ್ ಕಪ್ಪು (ಬಟ್ಟಲಿನಾಕಾರದ ಸೀಲ್) ಆಯಿಲನ್ನು ಚಕ್ರಗಳ ಕಡೆಗೆ ಒತ್ತುತ್ತದೆ. ಆ ಕಪ್ಪಿನ ಅಂಚು ಸವೆದಿದ್ದರೆ ಒತ್ತಡಕ್ಕೆ ಸಿಲುಕಿದ ಆಯಿಲ್ ಅಂಚನ್ನು ದಾಟಿ ಹಿಂದಕ್ಕೆ ನುಸುಳಿ ಆಯಿಲ್ ತುಂಬಿಡುವ ಬಾಟಲಿಗೇ ಮರಳುತ್ತದೆ. ಹೊರಗೆ ಒಂದು ಹನಿಯೂ ಬೀಳದೆ, ಮಟ್ಟವೂ ಇಳಿಯದೆ, ಪೆಡಲ್ ಮಾತ್ರ ಇಳಿಯುವುದು ಇದರಿಂದಲೇ. ಈಗಿನ ಕಾರುಗಳ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಪಿಸ್ಟನ್‌ಗಳಿದ್ದು, ಒಂದೊಂದೂ ಎರಡೆರಡು ಚಕ್ರಗಳನ್ನು ನೋಡಿಕೊಳ್ಳುವುದರಿಂದ, ಒಂದು ಕೆಟ್ಟರೂ ಕಾರು ಹೇಗೋ ನಿಲ್ಲುತ್ತದೆ. ಆ ‘ಹೇಗೋ ನಿಲ್ಲುತ್ತದೆ’ ಎಂಬ ಭರವಸೆಯಲ್ಲೇ ಅನೇಕರು ತಿಂಗಳುಗಟ್ಟಲೆ ಓಡಿಸುತ್ತಾರೆ.

ಇದನ್ನು ನೀವೇ ಪರೀಕ್ಷಿಸಬಹುದು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಬಾರಿ ತುಳಿದು ಬೂಸ್ಟರಿನ (ತುಳಿತದ ಬಲವನ್ನು ಹೆಚ್ಚಿಸುವ ಘಟಕ) ನಿರ್ವಾತವನ್ನು ಖಾಲಿ ಮಾಡಿ, ಆಮೇಲೆ ಪಾದವನ್ನು ಹಗುರವಾಗಿ ಇರಿಸಿ ಒಂದು ನಿಮಿಷ ಹಾಗೆಯೇ ಹಿಡಿಯಿರಿ. ಪೆಡಲ್ ಇಳಿಯುತ್ತಾ ಹೋದರೆ ಅದು ಸೋರಿಕೆಯ ಗುರುತು. ಜೋರಾಗಿ ತುಳಿದರೆ ಒತ್ತಡವೇ ಕಪ್ಪನ್ನು ಗೋಡೆಗೆ ಒತ್ತಿ ಸೋರಿಕೆಯನ್ನು ಮುಚ್ಚಿಬಿಡಬಹುದು. ಆದ್ದರಿಂದ ಹಗುರ ಒತ್ತಡದ ಪರೀಕ್ಷೆಯೇ ಹೆಚ್ಚು ನಂಬಲರ್ಹ. ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಪೆಡಲ್ ತುಸು ಕೆಳಗೆ ಹೋಗುವುದು ಬೂಸ್ಟರಿನ ಕೆಲಸ, ಅದು ದೋಷವಲ್ಲ. ಆದರೆ ಆಯಿಲ್ ಮಟ್ಟ ನಿಜಕ್ಕೂ ಇಳಿಯುತ್ತಿದ್ದರೆ ಹಿಂಬದಿ ಡ್ರಮ್‌ಗಳೊಳಗಿನ ವೀಲ್ ಸಿಲಿಂಡರುಗಳನ್ನೂ, ಮಾಸ್ಟರ್ ಸಿಲಿಂಡರು ಬೂಸ್ಟರಿಗೆ ಕೂಡುವ ಜಾಗವನ್ನೂ ನೋಡಬೇಕು. ಆ ಜಾಗದಲ್ಲಿ ಬಣ್ಣ ಎದ್ದು ಸುಲಿದಿದ್ದರೆ ಆಯಿಲ್ ಬೂಸ್ಟರಿನೊಳಗೆ ಹೋಗುತ್ತಿರುವ ಸಾಧ್ಯತೆ ಹೆಚ್ಚು.

ಇನ್ನು ಕಿಟ್ಟೋ ಸಿಲಿಂಡರೋ ಎಂಬ ಪ್ರಶ್ನೆ. ಇದನ್ನು ತೀರ್ಮಾನಿಸಬೇಕಾದುದು ಸಿಲಿಂಡರಿನ ಒಳಗೋಡೆ, ಬೆಲೆಯಲ್ಲ. ಕರಾವಳಿಯಲ್ಲಿ ಓಡಿದ ಒಂದು ಕಾರಿನ ಸಿಲಿಂಡರನ್ನು ನಾನು ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ನೋಡಿದ್ದೆ: ಪಿಸ್ಟನ್ ದಿನವೂ ಓಡಾಡುವ ಭಾಗ ಕನ್ನಡಿಯಂತಿತ್ತು, ಅದರಾಚೆ ಬೆರಳಗಲದ ಜಾಗ ಕಪ್ಪಾಗಿ, ಸೂಜಿಮೊನೆಯಿಂದ ಚುಚ್ಚಿದಂತೆ ಸಣ್ಣ ಕುಳಿಗಳಿಂದ ತುಂಬಿತ್ತು. ಉಗುರು ಆಡಿಸಿದರೆ ತಡೆಯುವಂತಹ ಗೋಡೆಗೆ ಹೊಸ ಕಪ್ಪು ಹಾಕಿದರೆ ಅದೂ ಬೇಗನೆ ಹರಿಯುತ್ತದೆ. ಗೋಡೆ ನಯವಾಗಿದ್ದು, ಕಂಪನಿಯ ಕಿಟ್ ಸಿಗುವುದಾದರೆ ಮಾತ್ರ ಕಿಟ್ ಹಾಕಿಸಿ. ಹತ್ತು ವರ್ಷದ ಕಾರಿಗೆ ನಾನಾದರೆ ಪೂರ್ಣ ಸಿಲಿಂಡರನ್ನೇ ಹಾಕಿಸುತ್ತೇನೆ. ಬಿಚ್ಚಿ, ಕೂರಿಸಿ, ಬ್ರೇಕ್ ಲೈನಿನೊಳಗಿನ ಗಾಳಿ (ಏರ್) ತೆಗೆಯುವ ಕೂಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಕೆಲಸ ಎರಡು ಸಲ ಮಾಡಿಸಬೇಕಾಗಿ ಬಂದರೆ ಕಿಟ್ಟೇ ದುಬಾರಿ.

ಕಪ್ಪಾದ ಆ ಜಾಗವೇ ಇನ್ನೊಂದು ಸಾಮಾನ್ಯ ದೂರಿಗೂ ಕಾರಣ. ‘ಆಯಿಲ್ ಬದಲಿಸಿ ಏರ್ ತೆಗೆಸಿದ ಮಾರನೆಯ ದಿನವೇ ಮಾಸ್ಟರ್ ಸಿಲಿಂಡರ್ ಹೋಯಿತು’ ಎಂದು ಹಲವರು ಹೇಳುತ್ತಾರೆ. ಏರ್ ತೆಗೆಯುವಾಗ ಸಹಾಯಕರು ಪೆಡಲನ್ನು ನೆಲ ಮುಟ್ಟುವವರೆಗೆ ತುಳಿದರೆ, ಹಳೆಯ ಕಪ್ಪು ಎಂದೂ ಹೋಗದಿದ್ದ ಒರಟು ಜಾಗಕ್ಕೆ ಹೋಗಿ ಹರಿಯುತ್ತದೆ. ಹಳೆಯ ಕಾರಿನಲ್ಲಿ ಪೆಡಲಿನ ಕೆಳಗೆ ಒಂದು ಮರದ ತುಂಡನ್ನಿಟ್ಟರೆ ಈ ಅಪಾಯ ತಪ್ಪುತ್ತದೆ.

ಕುಳಿಗಳು ಬೀಳಲು ಮುಖ್ಯ ಕಾರಣ ನೀರು. ಡಾಟ್ 3, ಡಾಟ್ 4 ಎಂಬ ದರ್ಜೆಗಳ ಬ್ರೇಕ್ ಆಯಿಲುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ಆಯಿಲಿನ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು ಶೇ 3.7ರಷ್ಟು ನೀರು ಸೇರಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 155 ಮಾತ್ರ. ಚಾರ್ಮಾಡಿ, ಆಗುಂಬೆಯಂತಹ ಘಾಟಿಗಳಲ್ಲಿ ಇಳಿಯುವಾಗ ಬ್ರೇಕ್ ಕಾದು, ಆಯಿಲಿನಲ್ಲಿರುವ ನೀರು ಆವಿಯಾದರೆ ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದ ಕಾರಿನ ಕೈಪಿಡಿ ಬೇರೆ ಹೇಳದಿದ್ದರೆ 2 ವರ್ಷಕ್ಕೊಮ್ಮೆ, ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಆಯಿಲನ್ನು, ಸೀಲ್ ಒಡೆಯದ ಹೊಸ ಡಬ್ಬಿಯಿಂದ ಹಾಕಿಸಿ. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ, ಅದನ್ನು ಇವುಗಳೊಂದಿಗೆ ಬೆರೆಸಬಾರದು. ಸಿಲಿಂಡರಿನ ಭಾಗಗಳನ್ನು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯುವುದನ್ನು ಕಂಡರೆ ಸಂಕೋಚವಿಲ್ಲದೆ ತಡೆಯಿರಿ. ಈ ಎಣ್ಣೆಗಳು ತಗುಲಿದರೆ ಬ್ರೇಕಿನ ರಬ್ಬರ್ ಉಬ್ಬಿ ಕೆಡುತ್ತದೆ.

ಇನ್ನು ರಿವರ್ಸ್ ಗೇರಿನ ಕಿರುಗುಟ್ಟುವಿಕೆ. ಕ್ಲಚ್ ಪೂರ್ತಿಯಾಗಿ ಬಿಡದಿದ್ದರೆ ಹೀಗಾಗಬಹುದು, ಆದ್ದರಿಂದ ಇದು ಕ್ಲಚ್ಚಿನ ವಿಷಯ. ಮಾರುತಿ 800ರಂತೆ ಕೇಬಲ್ ಕ್ಲಚ್ ಇದ್ದರೆ ಸಂಬಂಧವೇ ಇಲ್ಲ. ಹೈಡ್ರಾಲಿಕ್ ಕ್ಲಚ್ ಇರುವ ಅನೇಕ ಕಾರುಗಳಲ್ಲಿ ಬ್ರೇಕ್ ಮತ್ತು ಕ್ಲಚ್‌ಗೆ ಬಾಟಲಿ ಒಂದೇ, ಸಿಲಿಂಡರುಗಳು ಬೇರೆ. ಕ್ಲಚ್‌ಗೆ ಹೋಗುವ ಪೈಪನ್ನು ಬಾಟಲಿಯ ಮೇಲ್ಭಾಗದಲ್ಲಿ ಕೂರಿಸಿರುವುದರಿಂದ ಕ್ಲಚ್ ಸೋರಿದರೂ ಬ್ರೇಕಿಗೆ ಆಯಿಲ್ ಉಳಿಯುತ್ತದೆ. ನಿಮ್ಮಲ್ಲಿ ಮಟ್ಟ ಇಳಿದಿಲ್ಲವಾದ್ದರಿಂದ ಕ್ಲಚ್ ಮಾಸ್ಟರ್ ಸಿಲಿಂಡರಿನಲ್ಲೂ ಒಳಸೋರಿಕೆ ಇರಬಹುದು, ಲೈನಿನಲ್ಲಿ ಗಾಳಿ ಸೇರಿರಬಹುದು, ಅಥವಾ ಕ್ಲಚ್ ಪ್ಲೇಟೇ ಕಾರಣವಾಗಿರಬಹುದು. ಕ್ಲಚ್ಚನ್ನು ಎರಡು ಮೂರು ಸಲ ಪಂಪ್ ಮಾಡಿದಾಗ ಗೇರ್ ಸಲೀಸಾಗಿ ಬಿದ್ದರೆ ಹೈಡ್ರಾಲಿಕ್ಸ್ ಮೇಲೆಯೇ ಅನುಮಾನ ಹೆಚ್ಚು. ಕಾರಿನೊಳಗೆ ಬಗ್ಗಿ, ಪೆಡಲಿನ ರಾಡ್ ಗೋಡೆಯೊಳಗೆ ಹೋಗುವ ಕಡೆ ಬೆರಳು ಸವರಿ ತೇವವಿದೆಯೇ ನೋಡಿ. ಸ್ಲೇವ್ ಸಿಲಿಂಡರ್ (ಆಯಿಲಿನ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸಿಲಿಂಡರ್) ಗೇರ್‌ಬಾಕ್ಸಿನ ಹೊರಗಿದ್ದರೆ ಕೆಲಸ ಸುಲಭ. ಒಳಗಿದ್ದರೆ ಗೇರ್‌ಬಾಕ್ಸನ್ನೇ ಇಳಿಸಬೇಕಾಗುವುದರಿಂದ ಕ್ಲಚ್ ಪ್ಲೇಟನ್ನೂ ಆಗಲೇ ಪರಿಶೀಲಿಸಿ, ಸವೆದಿದ್ದರೆ ಬದಲಿಸುವುದು ಒಳ್ಳೆಯದು.

ಹೊಸ ಬ್ರೇಕ್ ಮಾಸ್ಟರ್ ಸಿಲಿಂಡರನ್ನು ಕಾರಿಗೆ ಕೂರಿಸುವ ಮೊದಲು ಮೇಜಿನ ಮೇಲೆಯೇ ಆಯಿಲ್ ತುಂಬಿ ಅದರೊಳಗಿನ ಗಾಳಿ ತೆಗೆಯಲು ಹೇಳಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕಾಗಬಹುದು. ಕೆಲಸ ಮುಗಿದ ಮೇಲೆ ಹಗುರ ಒತ್ತಡದ ಪರೀಕ್ಷೆಯನ್ನು ಮತ್ತೆ ಮಾಡಿ, ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿ ನೋಡಿ. ಮಾರನೆಯ ಬೆಳಿಗ್ಗೆ ಕಾರು ತೆಗೆಯುವ ಮೊದಲು ಬಾನೆಟ್ ಎತ್ತಿ ಬಾಟಲಿಯ ಮಟ್ಟವನ್ನೂ, ಬಿಚ್ಚಿ ಬಿಗಿದ ಪ್ರತಿ ನಟ್ಟನ್ನೂ ಒಣ ಕಾಗದ ಒತ್ತಿ ಪರೀಕ್ಷಿಸಿ.