ಘಟ್ಟ ಹತ್ತಿ ಬಂದ ಉಪ್ಪು

ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವ ಹೊತ್ತಿಗೆ ಸುಮಾರು 128 ಕಿ.ಮೀ. ಹರಿದಿರುತ್ತದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ವರ್ಷಗಟ್ಟಲೆ ದುಡಿದ, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರನ್ನು ಅದೇ ನದಿಯ ಅಳಿವೆಗೆ ಒಯ್ದು ಎರಡು ದಿನ ಓಡಿಸಿ ತರಬಹುದೇ ಎಂದು ಸಾಗರದ ಕಡೆಯವರು ಕೇಳುವುದು ಸಹಜ. ಧಾರಾಳವಾಗಿ ತರಬಹುದು, ಅಷ್ಟರಲ್ಲಿ ಕಣ್ಣಿಗೆ ಕಾಣುವ ಹಾನಿಯೇನೂ ಆಗದು. ನಿಜವಾದ ಹಾನಿ ಶುರುವಾಗುವುದು ಮೋಟಾರು ಘಟ್ಟ ಹತ್ತಿ ಕೊಟ್ಟಿಗೆ ಸೇರಿದ ಮೇಲೆ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಔಟ್‌ಬೋರ್ಡ್ ಮೋಟಾರಿಗೆ ಕಾರಿನಂತೆ ರೇಡಿಯೇಟರ್ ಇಲ್ಲ; ದೋಣಿ ತೇಲುವ ನೀರನ್ನೇ ಹೀರಿ, ಎಂಜಿನ್ನಿನ ಸಣ್ಣ ಕೊಳವೆಗಳಲ್ಲಿ ಹಾಯಿಸಿ, ಬಿಸಿಯಾದುದನ್ನು ಹೊರಗೆ ಚೆಲ್ಲುತ್ತದೆ. ಎಂಜಿನ್ ನಿಂತಾಗ ಒಳಗುಳಿದ ನೀರು ಆರಿ ಉಪ್ಪಿನ ಪದರ ಕಟ್ಟುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಮರಿಗೆಯಲ್ಲಿನ ಹರಳುಪ್ಪು ತಾನಾಗಿ ನೀರೊಡೆಯುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಉಪ್ಪಿನಲ್ಲಿ ಬೆರೆತ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಮೋಟಾರಿನೊಳಗಿನ ಉಪ್ಪೂ ಆಷಾಢದ ಥಂಡಿಯಲ್ಲಿ ಹೀಗೆಯೇ ಒದ್ದೆಯಾಗುತ್ತದೆ, ಅಂದರೆ ಕಡಲಿನ ಒಂದು ತೆಳು ಪೊರೆ ತಿಂಗಳುಗಟ್ಟಲೆ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ.

ಮೋಟಾರಿನ ಹೊರಕವಚ ಅಲ್ಯೂಮಿನಿಯಂ ಮಿಶ್ರಲೋಹದ್ದು. ಪ್ರೊಪೆಲ್ಲರಿನ ದಂಡ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವು. ಎರಡು ಬೇರೆ ಲೋಹಗಳು ಒಂದನ್ನೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅಲ್ಲೊಂದು ಬ್ಯಾಟರಿಯೇ ಆಯಿತು, ಮತ್ತು ಅದರಲ್ಲಿ ಸವೆಯುವ ಪಾಲು ಅಲ್ಯೂಮಿನಿಯಮ್ಮಿನದು. ಹೊಳೆಯ ನೀರು ಸೀದಾ ಮಳೆಯಿಂದ ಬಂದದ್ದಾದ್ದರಿಂದ ವಿದ್ಯುತ್ತನ್ನು ಬಹಳ ಕಡಿಮೆ ಹಾಯಿಸುತ್ತದೆ. ಕಡಲ ನೀರು ಅದಕ್ಕಿಂತ ನೂರಾರು ಪಟ್ಟು ಹೆಚ್ಚು. ಸಾಲದೆಂಬಂತೆ, ಅಲ್ಯೂಮಿನಿಯಮ್ಮನ್ನು ಗಾಳಿ ನೀರಿನಿಂದ ಕಾಯುವ ಆಕ್ಸೈಡ್ ಪದರವನ್ನು ಕ್ಲೋರೈಡ್ ಅಲ್ಲಲ್ಲಿ ತೂತು ಮಾಡುತ್ತದೆ. ಬೋಲ್ಟಿನ ತಲೆಯ ಸುತ್ತ ಬಣ್ಣ ಗುಳ್ಳೆಯಂತೆ ಉಬ್ಬಿದ್ದರೆ ಉಗುರಿನಿಂದ ಕೆರೆದು ನೋಡಬೇಕು: ಒಳಗೆ ಸುಣ್ಣದಂಥ ಬಿಳಿ ಪುಡಿ, ಅದರಡಿಯಲ್ಲಿ ಸಣ್ಣ ಕುಳಿ.

ಇದಕ್ಕೆ ಪರಿಹಾರ 200 ವರ್ಷ ಹಳೆಯದು. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಹಡಗುಗಳ ತಾಮ್ರದ ಹೊದಿಕೆಗೆ ಸತುವಿನಂಥ ಲೋಹದ ತುಂಡು ಜೋಡಿಸಿ, ಆ ತುಂಡು ತಾನು ಸವೆದು ತಾಮ್ರವನ್ನು ಉಳಿಸುವುದನ್ನು ತೋರಿಸಿದ. ಇಂದಿನ ಮೋಟಾರಿಗೆ ಜೋಡಿಸುವ ಆನೋಡ್ ಎಂಬ ಲೋಹದ ತುಂಡು ಮಾಡುವುದೂ ಇದನ್ನೇ. ಆದರೆ ಸಿಹಿನೀರಿಗೆಂದು ಹಾಕುವ ಮೆಗ್ನೀಸಿಯಂ ಆನೋಡ್ ಕಡಲಿನಲ್ಲಿ ಬಲುಬೇಗ ಕರಗಿಹೋಗುತ್ತದೆ. ಕಡಲಿಗೆ ಒಗ್ಗುವ ಸತುವು ಸಿಹಿನೀರಿಗೆ ಬಂದರೆ ಮೇಲೆ ಪೊರೆಗಟ್ಟಿ ಕೆಲಸ ನಿಲ್ಲಿಸುತ್ತದೆ, ಇರುವಂತೆ ಕಂಡರೂ ಕಾಯುವುದಿಲ್ಲ. ಎರಡೂ ಕಡೆ ಓಡುವ ಮೋಟಾರಿಗೆ ಆನೋಡಿಗೆಂದೇ ತಯಾರಿಸಿದ ಅಲ್ಯೂಮಿನಿಯಂ ಮಿಶ್ರಲೋಹವೇ ಸರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬಣ್ಣ ಬಳಿಯಬಾರದು. ಅರ್ಧ ಸವೆದಾಗ ಬದಲಿಸಬೇಕು.

ಅಳಿವೆಯಿಂದ ಎತ್ತಿದ ದಿನವೇ ಸಿಹಿನೀರು ಹಾಯಿಸಿ ತೊಳೆಯುವುದು ಎಲ್ಲಕ್ಕಿಂತ ಮುಖ್ಯ. ನೀರು ಹೀರುವ ಕಿಂಡಿಗಳಿಗೆ ಪೈಪು ಜೋಡಿಸಿ ಎಂಜಿನ್ನನ್ನು ನಿಧಾನವಾಗಿ ಓಡಿಸುವುದಾದರೆ, ಅದು ಬಿಸಿಯಾಗಿ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತೆರೆದುಕೊಳ್ಳುವ ಕವಾಟ, ತೆರೆಯುವವರೆಗೆ ಕಾಯಬೇಕು, ಏಕೆಂದರೆ ಆ ಕವಾಟ ಮುಚ್ಚಿರುವಾಗ ಸಿಲಿಂಡರಿನ ಸುತ್ತಲಿನ ಕೊಳವೆಗಳಿಗೆ ನೀರು ಸರಿಯಾಗಿ ತಲುಪುವುದಿಲ್ಲ. ನೀರಿಲ್ಲದೆ ಮಾತ್ರ ಓಡಿಸಲೇಬಾರದು, ಪಂಪಿನ ರಬ್ಬರ್ ಚಕ್ರ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.