ಮಗು ಬಾಯಿಬಿಟ್ಟಾಗ ನೀವೇ ಪೊಲೀಸ್ ಆಗಬೇಡಿ

ಕಾಫಿ ಹಣ್ಣು ಕುಯ್ಯುವ ಕೆಲಸ ಶುರುವಾದರೆ ಕೊಡಗಿನ ತೋಟಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಬೆಳಿಗ್ಗೆ ಹೋದ ಅಪ್ಪ ಅಮ್ಮ ಹಣ್ಣು ತೂಕ ಹಾಕಿಸಿ ಲೈನ್‌ಮನೆಗೆ (ತೋಟದ ಕೆಲಸದವರ ಸಾಲುಮನೆ) ಬರುವಾಗ ಕತ್ತಲಾಗುತ್ತಾ ಬಂದಿರುತ್ತದೆ. ಶಾಲೆ, ಅಂಗನವಾಡಿ ಅಷ್ಟರೊಳಗೆ ಬಿಟ್ಟಾಗಿರುತ್ತದೆ. ನಡುವಿನ ಆ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಅಂತ ಕೇಳಿದರೆ ಹೆಚ್ಚಿನ ತೋಟಗಳಲ್ಲಿ ಒಂದು ಹೆಸರು ಸಿಗುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯಲು ತೋಟದ ಮಾಲೀಕರಿಗೆ ನಾನು ಹೇಳುವುದು ಇಷ್ಟೇ: ಕುಯಿಲು ಮುಗಿಯುವ ತನಕ ಮಕ್ಕಳಿಗೆ ಒಗ್ಗಿದ ಒಬ್ಬ ಹೆಂಗಸನ್ನು ಲೈನಿನಲ್ಲೇ ಇರಿಸಿ, ಕುಯ್ಯುವವರಿಗೆ ಕೊಡುವ ಕೂಲಿಯನ್ನೇ ಅವರಿಗೂ ಕೊಡಿ. ಬಚ್ಚಲು, ಕಕ್ಕಸಿಗೆ ಒಳಗಿನಿಂದ ಚಿಲಕ ಹಾಕಿಸಿ, ಹೊರಗೊಂದು ಬಲ್ಬ್. ಗೊಬ್ಬರದ ಖರ್ಚಿನ ಮುಂದೆ ಇದೇನೂ ಅಲ್ಲ.

ಇಂಥ ದೌರ್ಜನ್ಯದ ಮಾತು ಬಂದರೆ ಹೊರಗಿಂದ ಬಂದವರ ಮೇಲೇ ಎಲ್ಲರ ಕಣ್ಣು. ಹೋಂಸ್ಟೇಗೆ ಬಂದವರು, ಅಸ್ಸಾಮಿನಿಂದ ಬಂದ ಕೆಲಸದವರು, ಹೀಗೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ವರದಿ ತೆಗೆದು ನೋಡಿ, ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ. ಮಾವ, ಪಕ್ಕದ ಮನೆಯಣ್ಣ, ದಿನಾ ಶಾಲೆಗೆ ಬಿಡುವ ಜೀಪಿನವ. ಅದಕ್ಕೇ ಮಗು ಬಾಯಿಬಿಟ್ಟು ಹೇಳುವುದು ಅಷ್ಟು ಕಷ್ಟ.

ಹೇಳುವಾಗಲೂ ನೇರವಾಗಿ ಹೇಳುವುದಿಲ್ಲ. “ನಾನು ಆ ಜೀಪಲ್ಲಿ ಹೋಗಲ್ಲ” ಅನ್ನುತ್ತದೆ ಅಷ್ಟೇ. ಅಮ್ಮ ಗಡಿಬಿಡಿಯಲ್ಲಿ, “ಸುಮ್ನೆ ನಾಟಕ ಮಾಡ್ಬೇಡ, ನಡಿ” ಅಂತಾಳೆ. ಅಲ್ಲಿಗೆ ಮಾತು ಮುಗಿಯಿತು, ಮತ್ತೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಅದರ ಬದಲು “ಹೌದಾ ಪುಟ್ಟ, ಯಾಕೆ?” ಅಂತ ಕೇಳಿ ಸುಮ್ಮನಿರಿ. ಒಲೆಯ ಮುಂದೆ ಕೂತಿದ್ದರೆ ಕೂತೇ ಇರಿ, ಕೈಯಲ್ಲಿನ ಕೆಲಸ ನಿಧಾನಕ್ಕೆ ನಡೆಯಲಿ, ಮುಖ ನೋಡಿಕೊಂಡು ಹೇಳುವುದಕ್ಕಿಂತ ಹಾಗೆ ಹೇಳುವುದು ಎಷ್ಟೋ ಮಕ್ಕಳಿಗೆ ಸುಲಭ. “ಆಮೇಲೆ ಏನಾಯ್ತು?” ಅನ್ನುವುದು ಒಳ್ಳೆಯ ಪ್ರಶ್ನೆ. “ಅವನು ಇಲ್ಲಿ ಮುಟ್ಟಿದನಾ, ಅಲ್ಲಿ ಮುಟ್ಟಿದನಾ?” ಅನ್ನುವುದು ಕೆಟ್ಟ ಪ್ರಶ್ನೆ. ಉತ್ತರವನ್ನು ನೀವೇ ಬಾಯಿಗೆ ಇಟ್ಟ ಹಾಗಾಗುತ್ತದೆ, ನಾಳೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಹಿಡಿಯುವುದು ಅದನ್ನೇ. “ಆಗಲೇ ಯಾಕೆ ಹೇಳಲಿಲ್ಲ?” ಅಂತಂತೂ ಕೇಳಲೇಬೇಡಿ. ಯಾರಿಗೂ ಹೇಳಲ್ಲ ಅಂತ ಆಣೆ ಹಾಕಬೇಡಿ, ಯಾಕೆಂದರೆ ನೀವು ಹೇಳಲೇಬೇಕು. “ನೀನು ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ” ಅಂದರೆ ಆ ಹೊತ್ತಿಗೆ ಸಾಕು.

ಆಮೇಲೆ ದೊಡ್ಡಮ್ಮ, ಅಜ್ಜಿ, ಟೀಚರ್, ಹೆಡ್‌ಮಾಸ್ಟರ್ ಅಂತ ಒಬ್ಬೊಬ್ಬರ ಮುಂದೆ ಮಗುವನ್ನು ನಿಲ್ಲಿಸಿ ಮತ್ತೆ ಮತ್ತೆ ಹೇಳಿಸುತ್ತಾರಲ್ಲ, ನನಗೆ ನಿಜಕ್ಕೂ ಸಿಟ್ಟು ಬರುವುದು ಅಲ್ಲಿ. ಮಗು ಹೇಳಿದ ಮಾತನ್ನು ಅದರದೇ ಶಬ್ದದಲ್ಲಿ ಬರೆದಿಟ್ಟುಕೊಳ್ಳಿ, ತಾರೀಖು ಹಾಕಿ. ಬಟ್ಟೆ ಒಗೆಯಬೇಡಿ, ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಬೇಡ. ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ 72 ಗಂಟೆಯೊಳಗೆ ಆಸ್ಪತ್ರೆ ಸೇರುವುದು ಮುಖ್ಯ, ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡುವುದಕ್ಕೆ ಅಷ್ಟೇ ಸಮಯ. ತಡವಾದರೂ ಹೋಗಿ. ಚಿಕಿತ್ಸೆ ಉಚಿತ, ಖಾಸಗಿ ಆಸ್ಪತ್ರೆಯಲ್ಲೂ. ಎಫ್‌ಐಆರ್ ತನ್ನಿ, ಆಮೇಲೆ ನೋಡುತ್ತೇವೆ ಅಂತ ತುರ್ತು ಚಿಕಿತ್ಸೆ ತಡೆಯುವ ಹಾಗಿಲ್ಲ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯ, ಹುಡುಗರಿಗೂ. ಗಂಡು ಮಗುವಿಗೇನಾಗುತ್ತೆ ಅನ್ನುವವರು ಇನ್ನೂ ಇದ್ದಾರೆ! ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ತುರ್ತಾದರೆ 112. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಠಾಣೆ ಅಂದರೆ ಹೆದರುವ ಮನೆಯವರಿಗೆ ಇನ್ನೊಂದು ಮಾತು: ಹೇಳಿಕೆ ಪಡೆಯಲು ಅಧಿಕಾರಿಯೇ ಮನೆಗೋ ಮಗು ಬಯಸಿದ ಜಾಗಕ್ಕೋ ಬರಬೇಕು, ಯೂನಿಫಾರ್ಮ್ ಹಾಕಿರಬಾರದು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಇರಬೇಕು.

“ಮಾತಾಡಿ ಮುಗಿಸೋಣ, ಮರ್ಯಾದೆ ಪ್ರಶ್ನೆ” ಅಂತ ನಡುವೆ ಬರುವ ಹಿರಿಯರು ಇದ್ದೇ ಇರುತ್ತಾರೆ. ಈ ಕೇಸು ರಾಜಿಗೆ ಬರುವಂಥದ್ದಲ್ಲ, ದುಡ್ಡು ಕೊಟ್ಟು ಮುಗಿಸಿದೆವು ಅಂದುಕೊಂಡವರು ತಾವೇ ಸಿಕ್ಕಿಹಾಕಿಕೊಳ್ಳುತ್ತಾರೆ.

ತೋಟಗಳಲ್ಲಿ ಇದಕ್ಕಿಂತ ಕಣ್ಣಿಗೆ ಬೀಳದ ಸಂಗತಿ ಇನ್ನೊಂದಿದೆ. ಮಗುವಿಗೆ ಬರುವುದು ಎರವ ಭಾಷೆ, ಜೇನುಕುರುಬರ ನುಡಿ ಅಥವಾ ಹಿಂದಿ, ಕೇಳುವವರಿಗೆ ಕನ್ನಡ. ಆಗ ಹತ್ತಿರದಲ್ಲೇ ಇದ್ದಾನೆ, ಎರಡೂ ಬರುತ್ತದೆ ಅಂತ ಮೇಸ್ತ್ರಿಯನ್ನೇ ಕರೆಯುತ್ತಾರೆ. ಅಪ್ಪನಿಗೆ ಮುಂಗಡ ಕೊಟ್ಟು ಕರೆತಂದವನೇ ಅವನು, ನಾಳೆ ಕೆಲಸ ಕೊಡುವವನೂ ಅವನೇ. ಅವನ ಮುಂದೆ ಆ ಮಗು ಏನು ಹೇಳೀತು? ಹೇಳಿದರೂ ಅವನು ಅದನ್ನು ಪೂರ್ತಿ ದಾಟಿಸುತ್ತಾನೆ ಅಂತ ಏನು ಗ್ಯಾರಂಟಿ? ಭಾಷೆ ಬಾರದ ಮಗುವಿಗೆ ದುಭಾಷಿ ಕೊಡಬೇಕು ಅಂತ ಪೋಕ್ಸೊದಲ್ಲೇ ಇದೆ. ತೋಟಕ್ಕೆ ಸಂಬಂಧ ಇಲ್ಲದವರನ್ನೇ ಕೊಡಿ ಅಂತ ಪೊಲೀಸರ ಹತ್ತಿರ, ಸಮಿತಿಯ ಹತ್ತಿರ ಕೇಳಿ, ಬಾಯಿಮಾತಲ್ಲಿ ಬೇಡ, ಬರೆದು ಕೊಡಿ.